ಅಪ್ಪನಿಗೆ ಪಾಲಿಸೈಥೀಮಿಯಾ ವೆರಾ, ಎಷ್ಟು ವರ್ಷ ಬದುಕಬಹುದು?

ಅಪ್ಪನಿಗೆ 62 ವರ್ಷ, ಹಿಮೋಗ್ಲೋಬಿನ್ 19, ಜಾಕ್2 (ಈ ಕಾಯಿಲೆಯಲ್ಲಿ ಕಾಣುವ ಜೀನ್ ಬದಲಾವಣೆ) ಪಾಸಿಟಿವ್. ಎಷ್ಟು ವರ್ಷ, ಲ್ಯುಕೇಮಿಯಾಕ್ಕೆ (ವೇಗವಾಗಿ ಬೆಳೆಯುವ ರಕ್ತದ ಕ್ಯಾನ್ಸರ್‌ಗೆ) ತಿರುಗುತ್ತದಾ ಎಂದು ಕೇಳಿದ್ದೀರಿ.

ಪಾಲಿಸೈಥೀಮಿಯಾ ವೆರಾ ಎಂದರೆ ಮೂಳೆಯ ಮಜ್ಜೆ ಬೇಕಾದ್ದಕ್ಕಿಂತ ಹೆಚ್ಚು ಕೆಂಪು ರಕ್ತಕಣ ತಯಾರಿಸುವುದು. ಇದು ರಕ್ತದ ಕ್ಯಾನ್ಸರ್‌ಗಳ ಪಟ್ಟಿಯಲ್ಲೇ ಬರುತ್ತದೆ, ಆದರೆ ನಡಿಗೆ ಬಹಳ ನಿಧಾನ. ದೊಡ್ಡ ಅಧ್ಯಯನಗಳಲ್ಲಿ ಅರ್ಧದಷ್ಟು ರೋಗಿಗಳು 14 ವರ್ಷ ದಾಟಿದ್ದಾರೆ; ಚಿಕ್ಕ ವಯಸ್ಸಿನವರು ಇನ್ನೂ ಹೆಚ್ಚು. 20 ವರ್ಷಗಳಲ್ಲಿ ಲ್ಯುಕೇಮಿಯಾಕ್ಕೆ ತಿರುಗುವುದು ನೂರಕ್ಕೆ ಹತ್ತಕ್ಕಿಂತ ಕಡಿಮೆ ಮಂದಿಗೆ. ಮಜ್ಜೆ ನಾರುಗಟ್ಟುವ ಮೈಲೋಫೈಬ್ರೋಸಿಸ್ ಅದಕ್ಕಿಂತ ತುಸು ಹೆಚ್ಚು.

ಹಾಗಾಗಿ ಈಗ ಹೆದರಬೇಕಾದ್ದು ಲ್ಯುಕೇಮಿಯಾಕ್ಕಲ್ಲ, ರಕ್ತ ಹೆಪ್ಪುಗಟ್ಟುವುದಕ್ಕೆ: ಪಾರ್ಶ್ವವಾಯು, ಹೃದಯಾಘಾತ, ಕಾಲಿನ ರಕ್ತನಾಳದಲ್ಲಿ ಹೆಪ್ಪು. ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ ಬಿಟ್ಟು ಪಿಸಿವಿ ನೋಡಿ (ರಕ್ತದಲ್ಲಿ ಕೆಂಪು ಕಣಗಳು ಶೇಕಡಾ ಎಷ್ಟು ಎಂಬ ಲೆಕ್ಕ; ಕೆಲವು ಲ್ಯಾಬ್‌ಗಳು ಹೆಮಟೋಕ್ರಿಟ್ ಎನ್ನುತ್ತವೆ). ಅದು ಸದಾ 45ರ ಕೆಳಗಿರಬೇಕು. ಇಟಲಿಯಲ್ಲಿ 365 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 45ರಿಂದ 50ರ ನಡುವೆ ಬಿಟ್ಟವರಲ್ಲಿ ಹೃದಯ-ರಕ್ತನಾಳದ ಸಾವು ಮತ್ತು ದೊಡ್ಡ ಹೆಪ್ಪು 9.8%, 45ರ ಕೆಳಗಿಟ್ಟವರಲ್ಲಿ 2.7%.

ಅದಕ್ಕೇ ರಕ್ತ ತೆಗೆಯುತ್ತಾರೆ, ಸಾಮಾನ್ಯವಾಗಿ ಒಮ್ಮೆಗೆ 350ರಿಂದ 450 ಮಿಲಿ. ವಯಸ್ಸಾದವರಿಗೆ, ಹೃದಯ ದುರ್ಬಲ ಇದ್ದವರಿಗೆ ಇನ್ನೂ ಕಡಿಮೆ. ಪದೇಪದೇ ತೆಗೆದಾಗ ಕಬ್ಬಿಣದ ಅಂಶ ಕುಸಿಯುತ್ತದೆ, ಎಂಸಿವಿ (ಕೆಂಪು ಕಣದ ಗಾತ್ರ), ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ಸಂಗ್ರಹ ತೋರಿಸುವ ಅಂಕಿ) ಇಳಿಯುತ್ತವೆ. ಎಡವಟ್ಟಾಗುವುದು ಇಲ್ಲೇ: ಬೇರೆ ಯಾರೋ ಆ ರಿಪೋರ್ಟ್ ನೋಡಿ ಐರನ್ ಮಾತ್ರೆ ಬರೆದುಬಿಡುತ್ತಾರೆ. ಮಜ್ಜೆ ಅದಕ್ಕೇ ಕಾದಿರುತ್ತದೆ, ಪಿಸಿವಿ ಮತ್ತೆ ಏರುತ್ತದೆ. ಹೆಮಟಾಲಜಿಸ್ಟ್ (ರಕ್ತರೋಗ ತಜ್ಞರು) ಹೇಳದೆ ಐರನ್ ಬೇಡ, ಟಾನಿಕ್ಕೂ ಬೇಡ.

ಜೊತೆಗೆ ಸಾಮಾನ್ಯವಾಗಿ ದಿನಕ್ಕೆ 75 ಮಿ.ಗ್ರಾಂ ಆಸ್ಪಿರಿನ್ ಇರುತ್ತದೆ. ಪ್ಲೇಟ್‌ಲೆಟ್ 10 ಲಕ್ಷ ದಾಟಿದ್ದರೆ ಮಾತ್ರ ಡಾಕ್ಟರನ್ನು ಕೇಳಿಕೊಂಡೇ ಕೊಡಿ. ಅಷ್ಟು ಏರಿದಾಗ ಹೆಪ್ಪಿನ ಬದಲು ರಕ್ತಸ್ರಾವವೇ ಆಗಬಹುದು. 60 ದಾಟಿದ್ದರಿಂದ ಅಪ್ಪ ಹೆಚ್ಚು ಅಪಾಯದ ಗುಂಪಿಗೆ ಸೇರುತ್ತಾರೆ, ರಕ್ತಕಣಗಳ ಉತ್ಪತ್ತಿ ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಕೂಡ ಕೊಡುತ್ತಾರೆ. ಸರಿಯಾದ ಡೋಸ್ ಗೊತ್ತಾಗುವವರೆಗೆ ಆಗಾಗ ರಕ್ತ ಪರೀಕ್ಷೆ ಬೇಕು, ಬಿಳಿ ಕಣ ತೀರಾ ಇಳಿಯಬಾರದು. ಬಾಯಿ ಹುಣ್ಣು, ಕಣಕಾಲಿನ ಬಳಿ ವಾಸಿಯಾಗದ ಗಾಯ ಕಂಡರೆ ಕೂಡಲೇ ಹೇಳಿ. ಆಗ ಅದರ ಬದಲು ಇಂಟರ್‌ಫೆರಾನ್ ಅಥವಾ ರಕ್ಸೊಲಿಟಿನಿಬ್ ಎಂಬ ಔಷಧ ಯೋಚಿಸುತ್ತಾರೆ. ಮನೆಯಲ್ಲಿ ಗರ್ಭಿಣಿಯರಿದ್ದರೆ ಅವರು ಹೈಡ್ರಾಕ್ಸಿಯೂರಿಯಾ ಕ್ಯಾಪ್ಸೂಲ್ ಮುಟ್ಟಬಾರದು.

ಸ್ನಾನವಾದ ಮೇಲೆ ಮೈಯೆಲ್ಲ ತುರಿಸುವುದು ಈ ಕಾಯಿಲೆಯದೇ ಗುಣ, ಚರ್ಮರೋಗವಲ್ಲ. ತೀರಾ ಬಿಸಿ ನೀರು ಬೇಡ, ಉಜ್ಜದೆ ಒತ್ತಿ ಒರೆಸಿಕೊಳ್ಳಲಿ. ವಾಂತಿ-ಭೇದಿಯಾದಾಗ ನೀರು ಕಡಿಮೆಯಾಗಿ ರಕ್ತ ಗಟ್ಟಿಯಾಗುತ್ತದೆ, ಓಆರ್‌ಎಸ್ ತಡಮಾಡಬೇಡಿ. ಬೀಡಿ ಸಿಗರೇಟು ಇದ್ದರೆ ಇವತ್ತೇ ನಿಲ್ಲಲಿ. ಹಲ್ಲು ಕೀಳಿಸುವುದಿದ್ದರೂ ಕಾಯಿಲೆಯ ಹೆಸರು ಮೊದಲೇ ತಿಳಿಸಿ.

ವರ್ಷಗಳ ನಂತರ "ಈಗ ರಕ್ತ ತೆಗೆಸುವುದೇ ಬೇಡವಾಗಿದೆ" ಎಂದು ಮನೆಯವರು ಖುಷಿಪಡುವುದುಂಟು. ಔಷಧದ ಡೋಸ್ ಹೆಚ್ಚಿಸಿಲ್ಲ, ಆದರೂ ಹಿಮೋಗ್ಲೋಬಿನ್ ತಾನಾಗಿ ಇಳಿಯುತ್ತಿದೆ, ಎಡಪಕ್ಕೆಯ ಕೆಳಗೆ ಗುಲ್ಮ (ಸ್ಪ್ಲೀನ್) ದೊಡ್ಡದಾಗಿ ಎರಡು ತುತ್ತಿಗೇ ಹೊಟ್ಟೆ ತುಂಬುತ್ತಿದೆ, ತೂಕ ಇಳಿದು ರಾತ್ರಿ ಬೆವರುತ್ತಾರೆ ಎಂದಾದರೆ ಅದು ವಾಸಿಯಾದದ್ದಲ್ಲ, ಮಜ್ಜೆ ನಾರುಗಟ್ಟುತ್ತಿರಬಹುದು. ಮಜ್ಜೆಯ ಬಯಾಪ್ಸಿ ಆಗ ಮತ್ತೊಮ್ಮೆ ಮಾಡಿಸಬೇಕಾಗುತ್ತದೆ.