ಬಾಡಿಗೆ ಸರ್ವರ್‌ನೊಳಗೆ ವಿಂಡೋಸ್: ಡಿಸ್ಕ್ ಯಾಕೆ ಕಾಣುತ್ತಿಲ್ಲ?

ಪ್ರಶ್ನೆ: ನಮಸ್ಕಾರ ಸರ್. ಗದಗದಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಹುಬ್ಬಳ್ಳಿಯಲ್ಲಿ ತಮ್ಮ ಡಿಟಿಪಿ ಅಂಗಡಿ ನೋಡಿಕೊಳ್ಳುತ್ತಾನೆ. ಲಗ್ನಪತ್ರಿಕೆ, ಬಿಲ್ ಬುಕ್ ಕೆಲಸಕ್ಕೆ ಇಬ್ಬರೂ ಒಂದೇ ಕಂಪ್ಯೂಟರ್ ಬಳಸುವಂತಾಗಲಿ ಎಂದು ಲಿನಕ್ಸ್ ಇರುವ ವಿಪಿಎಸ್ (ಇಂಟರ್ನೆಟ್ ಮೂಲಕ ಬಳಸುವ ಸರ್ವರ್) ಒಂದನ್ನು ಬಾಡಿಗೆಗೆ ತಗೊಂಡೆವು. 8 ಜಿಬಿ ರ‍್ಯಾಮ್, 160 ಜಿಬಿ ಡಿಸ್ಕ್. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಕ್ಯೂಎಮು ಪ್ರೋಗ್ರಾಂ ಹಾಕಿ ಅದರೊಳಗೆ ವಿಂಡೋಸ್ 11 ಇನ್‌ಸ್ಟಾಲ್ ಮಾಡಲು ಹೋದರೆ ಮೊದಲ ಪರದೆ ಬರಲಿಕ್ಕೇ ಅರ್ಧ ಗಂಟೆ ಹಿಡಿಯಿತು. ಹೇಗೋ ಮುಂದೆ ಹೋದರೆ, ಡಿಸ್ಕ್ ಆರಿಸುವ ಪಟ್ಟಿ ಖಾಲಿ. ಇನ್ನೂ ದೊಡ್ಡ ಸರ್ವರ್ ತಗೊಳ್ಳಬೇಕಾ?

ಉತ್ತರ: ಈಗಲೇ ದುಡ್ಡು ಹಾಕಬೇಡಿ. ನಿಮ್ಮ ಎರಡು ತೊಂದರೆಗೂ ಕಾರಣ ಬೇರೆ ಬೇರೆ. ಎರಡರಲ್ಲೂ ರ‍್ಯಾಮ್‌ನ ತಪ್ಪಿಲ್ಲ.

ಮೊದಲು ನಿಧಾನದ ವಿಷಯ. ಕ್ಯೂಎಮು ಎರಡು ರೀತಿ ಕೆಲಸ ಮಾಡುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿರುವ ಕೆವಿಎಂ ಎಂಬ ಸೌಲಭ್ಯ ಜೊತೆಗಿದ್ದರೆ ವಿಂಡೋಸ್‌ನ ಕೆಲಸ ನೇರವಾಗಿ ಪ್ರೊಸೆಸರ್ ಮೇಲೆ ನಡೆಯುತ್ತದೆ. ಈ ಕೆವಿಎಂ 2007ರಿಂದಲೇ ಲಿನಕ್ಸ್‌ನ ಭಾಗ. ಅದು ಸಿಗದಿದ್ದರೆ ಕ್ಯೂಎಮು ಪ್ರೊಸೆಸರ್‌ನ ಪ್ರತಿಯೊಂದು ಸೂಚನೆಯನ್ನೂ ಸಾಫ್ಟ್‌ವೇರ್‌ನಲ್ಲೇ ಅನುವಾದ ಮಾಡುತ್ತಾ ಕೂರುತ್ತದೆ. ಮೊದಲ ಪರದೆಗೇ ಅರ್ಧ ಗಂಟೆ ಅಂದರೆ ನಿಮ್ಮಲ್ಲಿ ಆಗುತ್ತಿರುವುದು ಈ ಎರಡನೆಯದು.

ಕೆವಿಎಂ ಯಾಕೆ ಸಿಗುತ್ತಿಲ್ಲ? ನೀವು ತಗೊಂಡ ವಿಪಿಎಸ್ ಸ್ವತಃ ಒಂದು ವರ್ಚುವಲ್ ಮಷೀನ್ (ವಿಎಂ), ಅಂದರೆ ಸಾಫ್ಟ್‌ವೇರ್‌ನಿಂದ ಕಟ್ಟಿದ ಕಂಪ್ಯೂಟರ್. ಬೇರೆ ಯಾರದೋ ದೊಡ್ಡ ಯಂತ್ರದ ಒಂದು ತುಂಡು. ನೀವೀಗ ಆ ತುಂಡಿನೊಳಗೆ ಇನ್ನೊಂದು ಯಂತ್ರ ಕಟ್ಟಲು ಹೊರಟಿದ್ದೀರಿ. ಬಾಡಿಗೆ ಮನೆಯಲ್ಲಿದ್ದು ಒಂದು ಕೋಣೆಯನ್ನು ಒಳಬಾಡಿಗೆಗೆ ಕೊಟ್ಟ ಹಾಗೆ ಇದು. ಮನೆ ಮಾಲೀಕರು ಒಪ್ಪಿರಬೇಕು, ಅಲ್ವಾ? ಇದಕ್ಕೆ ನೆಸ್ಟೆಡ್ ವರ್ಚುವಲೈಸೇಶನ್ ಎನ್ನುತ್ತಾರೆ. ಕಡಿಮೆ ಬೆಲೆಯ ವಿಪಿಎಸ್‌ಗಳಲ್ಲಿ ಬಹಳಷ್ಟು ಸಲ ಅದನ್ನು ಬಂದ್ ಮಾಡಿರುತ್ತಾರೆ.

ಪರೀಕ್ಷೆ ಸುಲಭ. ಸರ್ವರ್‌ನಲ್ಲಿ ಎಲ್‌ಎಸ್‌ಸಿಪಿಯು (lscpu) ಕಮಾಂಡ್ ಕೊಟ್ಟು ಫ್ಲ್ಯಾಗ್‌ಗಳ ಸಾಲು, ಅಂದರೆ ಪ್ರೊಸೆಸರ್‌ನ ಸೌಲಭ್ಯಗಳ ಪಟ್ಟಿ, ನೋಡಿ. ಇಂಟೆಲ್ ಆದರೆ ವಿಎಂಎಕ್ಸ್ (vmx), ಎಎಂಡಿ ಆದರೆ ಎಸ್‌ವಿಎಂ (svm) ಎಂದಿರಬೇಕು. ಜೊತೆಗೆ ಡೆವ್ ಫೋಲ್ಡರಿನಲ್ಲಿ ಕೆವಿಎಂ (/dev/kvm) ಎಂಬ ಫೈಲ್ ಇರಬೇಕು. ಫ್ಲ್ಯಾಗ್ ಕಾಣದಿದ್ದರೆ ಸರ್ವರ್ ಕೊಟ್ಟವರಿಗೆ ಟಿಕೆಟ್ (ಸಹಾಯದ ಕೋರಿಕೆ) ಹಾಕಿ, ನೆಸ್ಟೆಡ್ ವರ್ಚುವಲೈಸೇಶನ್ ಆನ್ ಮಾಡಿಕೊಡುತ್ತೀರಾ ಎಂದು ಕೇಳಿ. ಆಗುವುದಿಲ್ಲ ಎಂದರೆ ಆ ಪ್ಲಾನ್ ಬಿಟ್ಟುಬಿಡಿ. ಅದೇ ಪ್ಲಾನ್‌ನಲ್ಲಿ 16 ಜಿಬಿ ತಗೊಂಡರೂ ನಿಧಾನ ಹೋಗುವುದಿಲ್ಲ. ನೆಸ್ಟೆಡ್ ವರ್ಚುವಲೈಸೇಶನ್ ಅನ್ನು ಸೌಕರ್ಯವಾಗಿ ಕೊಡುವ ವಿಪಿಎಸ್ ಹುಡುಕಿ, ಇಲ್ಲವೇ ಇಡೀ ಯಂತ್ರವೇ ನಿಮ್ಮದಾಗುವ ಡೆಡಿಕೇಟೆಡ್ ಸರ್ವರ್ ತಗೊಳ್ಳಿ. ಬದಲಾಯಿಸುವುದಾದರೆ ಸರ್ವರ್ ಎಲ್ಲಿದೆ ಎಂದೂ ನೋಡಿ. ನೀವು ಒತ್ತುವ ಒಂದೊಂದು ಕೀ ಅಲ್ಲಿಗೆ ಹೋಗಿ, ಅಕ್ಷರವಾಗಿ ನಿಮ್ಮ ಪರದೆಗೆ ವಾಪಸ್ ಬರಬೇಕು. ದಿನವಿಡೀ ಟೈಪ್ ಮಾಡುವವರಿಗೆ ಜರ್ಮನಿಯ ಸರ್ವರ್‌ಗಿಂತ ಮುಂಬಯಿಯದ್ದೇ ಹಿತ.

ಇನ್ನು ಖಾಲಿ ಪಟ್ಟಿ. ಡಿಸ್ಕ್ ಆರಿಸುವ ಹಂತಕ್ಕೆ ಬಂದಿದ್ದೀರಿ ಅಂದರೆ ಟಿಪಿಎಂ 2.0 (ವಿಂಡೋಸ್ 11 ಕೇಳುವ ಭದ್ರತಾ ಚಿಪ್) ತಪಾಸಣೆ ದಾಟಿದ್ದೀರಿ. ಹೆಚ್ಚಿನವರು ಅಲ್ಲೇ ನಿಂತುಬಿಡುತ್ತಾರೆ. ನಿಮ್ಮ ಡಿಸ್ಕನ್ನು ವರ್ಟಿಯೋ (virtio, ವಿಎಂಗಳಿಗೆಂದೇ ಮಾಡಿದ) ಬಗೆಯದಾಗಿ ಜೋಡಿಸಿರಬೇಕು. ಅದು ವೇಗದ ಬಗೆ, ಒಳ್ಳೆಯ ಆಯ್ಕೆಯೇ. ಆದರೆ ವಿಂಡೋಸ್‌ಗೆ ಅದರ ಡ್ರೈವರ್ ಗೊತ್ತಿಲ್ಲ, ಹಾಗಾಗಿ ಡಿಸ್ಕ್ ಇದ್ದರೂ ಕಾಣುವುದಿಲ್ಲ. ಫೆಡೋರಾ ಲಿನಕ್ಸ್‌ನವರು ಒದಗಿಸುವ ವರ್ಟಿಯೋ-ವಿನ್ ಐಎಸ್‌ಒ (ಸಿಡಿಯ ರೂಪದ ಫೈಲ್) ಇಳಿಸಿಕೊಂಡು ವಿಎಂಗೆ ಎರಡನೇ ಸಿಡಿಯಾಗಿ ಜೋಡಿಸಿ. ಆ ಖಾಲಿ ಪರದೆಯಲ್ಲೇ ಲೋಡ್ ಡ್ರೈವರ್ ಒತ್ತಿ, ವಿಯೋಸ್ಟಾರ್ (viostor) ಫೋಲ್ಡರಿನಲ್ಲಿ ವಿಂಡೋಸ್ 11ರದ್ದನ್ನು ತೋರಿಸಿ. ಡಿಸ್ಕ್ ತಕ್ಷಣ ಪಟ್ಟಿಗೆ ಬರುತ್ತದೆ. ನೆಟ್‌ವರ್ಕ್ ಕಾರ್ಡೂ ವರ್ಟಿಯೋ ಆಗಿದ್ದರೆ ನೆಟ್‌ಕೆವಿಎಂ ಡ್ರೈವರನ್ನೂ ಆಗಲೇ ಹಾಕಿಕೊಳ್ಳಿ. ಇಲ್ಲದಿದ್ದರೆ ಕೊನೆಗೆ ಇಂಟರ್ನೆಟ್ ಕೇಳುವಾಗ ಮತ್ತೆ ಸಿಕ್ಕಿಕೊಳ್ಳುತ್ತೀರಿ.

ವಿಂಡೋಸ್ 11 ಕೇಳುವುದು ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್. ನೀವು 6 ಜಿಬಿ ಕೊಡಿ, 2 ಜಿಬಿ ಲಿನಕ್ಸ್‌ಗೆ ಬಿಡಿ. ಡಿಸ್ಕ್‌ಗೆ 100 ಜಿಬಿ ಸಾಕು. ಲಿನಕ್ಸ್ ಕಡೆ ಜಾಗ ಪೂರ್ತಿ ತುಂಬಿದರೆ ವಿಎಂ ಇದ್ದಲ್ಲೇ ನಿಂತುಬಿಡುತ್ತದೆ, ಅದಕ್ಕೇ ಸ್ವಲ್ಪ ಜಾಸ್ತಿ ಖಾಲಿ ಉಳಿಸಿ.

ನೀವು ಕೇಳದ ಒಂದು ಮಾತನ್ನೂ ಹೇಳಲೇಬೇಕು. ಇನ್‌ಸ್ಟಾಲ್ ಪರದೆಯನ್ನು ದೂರದಿಂದ ನೋಡಲು ನೀವು ವಿಎನ್‌ಸಿ ಎಂಬ ಸಾಧನ ಬಳಸುತ್ತಿರಬೇಕು. ಅದು ಯಾವ ವಿಳಾಸದಲ್ಲಿ ತೆರೆದಿದೆ? 0.0.0.0 (ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ಬರಬಹುದು) ಎಂದಿದ್ದರೆ ಈ ಉತ್ತರ ಓದುವುದನ್ನು ನಿಲ್ಲಿಸಿ, ಮೊದಲು ಅದನ್ನು 127.0.0.1 (ಆ ಸರ್ವರ್‌ನೊಳಗಿನಿಂದ ಮಾತ್ರ) ಮಾಡಿ ಬನ್ನಿ. ಕೆಲವು ವರ್ಷಗಳ ಹಿಂದೆ ಧಾರವಾಡದ ಒಂದು ಸಣ್ಣ ಕಚೇರಿಗೆ ಇದೇ ಕೆಲಸ ಮಾಡಿಕೊಟ್ಟಿದ್ದೆ. ರಾತ್ರಿ ಇನ್‌ಸ್ಟಾಲ್ ಓಡುತ್ತಿತ್ತು. ಬೆಳಗ್ಗೆ ಸರಿ ಮಾಡಿದರಾಯಿತು ಎಂದು ವಿಎನ್‌ಸಿಯ ಬಾಗಿಲಾದ 5900 ಪೋರ್ಟನ್ನು ತೆರೆದೇ ಬಿಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ ಡೆಸ್ಕ್‌ಟಾಪ್ ಮೇಲೆ ನಾವು ಹಾಕದ ಪ್ರೋಗ್ರಾಂ, ತೆರೆದ ಬ್ರೌಸರ್. ಪೂರ್ತಿ ಅಳಿಸಿ ಮೊದಲಿಂದ ಹಾಕಬೇಕಾಯಿತು. ಗ್ರಾಹಕರ ಫೈಲ್ ಇನ್ನೂ ಹಾಕಿರಲಿಲ್ಲ ಎಂಬುದೊಂದೇ ಸಮಾಧಾನ. ಪಾಸ್‌ವರ್ಡ್ ಇದೆಯಲ್ಲ ಎಂದುಕೊಳ್ಳಬೇಡಿ. ಹಳೆಯ ವಿಎನ್‌ಸಿ ಪದ್ಧತಿಯಲ್ಲಿ ಮೊದಲ 8 ಅಕ್ಷರ ಮಾತ್ರ ಲೆಕ್ಕಕ್ಕೆ ಬರುತ್ತದೆ. ಎಸ್‌ಎಸ್‌ಎಚ್ ಟನಲ್ (ಸರ್ವರ್‌ವರೆಗಿನ ಗೂಢಲಿಪಿಯ ದಾರಿ) ಮೂಲಕವೇ ಒಳಗೆ ಹೋಗಿ. ಆಮೇಲೆ ರಿಮೋಟ್ ಡೆಸ್ಕ್‌ಟಾಪ್ ಬಳಸುವಾಗ 3389 ಪೋರ್ಟಿಗೂ ಇದೇ ನಿಯಮ. ಹುಬ್ಬಳ್ಳಿಯ ತಮ್ಮನಿಗೂ ಟನಲ್ ಹಾಕುವುದನ್ನು ಕಲಿಸಿಕೊಡಿ. ಹತ್ತು ನಿಮಿಷದ ಕೆಲಸ.

ಈಗ ನಿಮಗೆ ಸ್ವಲ್ಪ ಬೇಸರವಾಗುವ ವಿಷಯ. ಡೆಸ್ಕ್‌ಟಾಪ್ ವಿಂಡೋಸ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಕೂರಬಹುದು. ನೀವು ಗದಗದಿಂದ ಅದೇ ಲಾಗಿನ್‌ನಲ್ಲಿ ಒಳಗೆ ಹೋದರೆ ತಮ್ಮನ ಪರದೆ ಮುಚ್ಚಿಕೊಳ್ಳುತ್ತದೆ. ಹೋಂ ಆವೃತ್ತಿಗಾದರೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹೊರಗಿನಿಂದ ಬರಲಿಕ್ಕೇ ಆಗುವುದಿಲ್ಲ, ಪ್ರೊ ಬೇಕು. ಬೇರೆಯವರ ಡೇಟಾ ಸೆಂಟರ್‌ನಲ್ಲಿ ಡೆಸ್ಕ್‌ಟಾಪ್ ವಿಂಡೋಸ್ ಓಡಿಸಲು ಮೈಕ್ರೋಸಾಫ್ಟ್‌ನ ಲೈಸೆನ್ಸ್ ನಿಯಮವೂ ಬೇರೆ ಇದೆ. ಅಂಗಡಿಯಲ್ಲಿ ಕೊಂಡ ಕೀ ಸಾಕು ಎಂದುಕೊಳ್ಳದೆ ಮೊದಲೇ ಕೇಳಿ ತಿಳಿದುಕೊಳ್ಳಿ. ಲಗ್ನದ ಸೀಸನ್‌ನಲ್ಲಿ ಇಬ್ಬರಿಗೂ ಒಟ್ಟಿಗೆ ಕೆಲಸ ಇರುತ್ತದೆ. ನನ್ನನ್ನು ಕೇಳಿದರೆ, ಇಬ್ಬರ ಬಳಿಯೂ ಈಗಿರುವ ಕಂಪ್ಯೂಟರ್ ಹಾಗೇ ಇರಲಿ. ಸರ್ವರ್‌ನಲ್ಲಿ ಫೈಲ್‌ಗಳನ್ನಷ್ಟೇ ಹಂಚಿಕೊಳ್ಳಿ. ಅದಕ್ಕೆ ವಿಂಡೋಸೂ ಬೇಡ, ಕೆವಿಎಂ ಕೂಡ ಬೇಡ. ಈಗಿರುವ ವಿಪಿಎಸ್ ಧಾರಾಳವಾಗಿ ಸಾಕು.

ಇಲ್ಲ, ಒಂದೇ ಡೆಸ್ಕ್‌ಟಾಪ್ ಬೇಕೇ ಬೇಕು ಎಂದಾದರೆ ನುಡಿ ತಂತ್ರಾಂಶ ಮತ್ತು ಅದರ ಫಾಂಟ್‌ಗಳನ್ನು ವಿಎಂ ಒಳಗೆ ಹಾಕಿ. ನಿಮ್ಮೆದುರಿನ ಕಂಪ್ಯೂಟರಿನಲ್ಲಿ ನುಡಿ ಬಂದ್ ಇರಲಿ. ಎರಡೂ ಕಡೆ ಚಾಲೂ ಇದ್ದರೆ ಅಕ್ಷರ ಕಲಸಿಹೋಗುತ್ತವೆ. ಬಣ್ಣವನ್ನು ಮಾತ್ರ ದೂರದ ಪರದೆ ನೋಡಿ ಒಪ್ಪಬೇಡಿ, ಚಿತ್ರವನ್ನು ಕಂಪ್ರೆಸ್ ಮಾಡಿ ಕಳಿಸುವುದರಿಂದ ಬಣ್ಣ ಬದಲಾಗಬಹುದು. ಪಿಡಿಎಫ್ ಇಳಿಸಿಕೊಂಡು ಪ್ರೆಸ್‌ನಲ್ಲೇ ಪ್ರೂಫ್ ತೆಗೆಯಿರಿ.

ಪ್ರಶ್ನೆ: ವಿಎನ್‌ಸಿಯಲ್ಲಿ ನಾನು ಮೌಸ್ ಇಡುವುದು ಒಂದು ಕಡೆ, ಬಾಣ ಹೋಗುವುದು ಇನ್ನೊಂದು ಕಡೆ. ಬಟನ್ ಒತ್ತಲಿಕ್ಕೇ ಆಗುತ್ತಿಲ್ಲ. (ರಾಣೆಬೆನ್ನೂರಿನ ಓದುಗರು)

ಉತ್ತರ: ವಿಎಂಗೆ ಯುಎಸ್‌ಬಿ ಟ್ಯಾಬ್ಲೆಟ್ ಎಂಬ ವರ್ಚುವಲ್ ಸಾಧನ ಸೇರಿಸಿ, ವಿಎಂ ಬಂದ್ ಮಾಡಿ ಮತ್ತೆ ಚಾಲೂ ಮಾಡಿ. ಮಾಮೂಲಿ ಮೌಸ್ ಎಷ್ಟು ಸರಿದಿದೆ ಎಂದಷ್ಟೇ ಹೇಳುತ್ತದೆ. ಟ್ಯಾಬ್ಲೆಟ್ ಆದರೆ, ಬಾಣ ಪರದೆಯ ಮೇಲೆ ಎಲ್ಲಿದೆ ಎಂದೇ ಹೇಳುತ್ತದೆ, ಹಾಗಾಗಿ ಬಾಣ ನಿಮ್ಮ ಕೈ ಇದ್ದಲ್ಲೇ ಇರುತ್ತದೆ.