ಹತ್ತು ಮಂದಿ ಕೈಮುಗಿದರು, ಒಬ್ಬರೂ ಬರಲಿಲ್ಲ

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮೂರು ಗೆಳೆತನದ ಕುರಿತೇ ಇದ್ದುದರಿಂದ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬರೆದವರ ಗುರುತು ಹತ್ತುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನಗೆ 46 ವರ್ಷ. ಪದವಿ ಓದುವಾಗ ಒಂದೇ ಹಾಸ್ಟೆಲಿನಲ್ಲಿದ್ದ ನಾವು ಹನ್ನೊಂದು ಗೆಳತಿಯರು ಐದು ವರ್ಷಗಳಿಂದ ಒಂದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿದ್ದೇವೆ. ಬೆಳಗಿನ ನಾಷ್ಟಾದಿಂದ ಹಿಡಿದು ಮಕ್ಕಳ ಪರೀಕ್ಷೆ, ಮೊಣಕಾಲು ನೋವು, ತೊಗರಿಯ ದರದವರೆಗೆ ಎಲ್ಲವೂ ಅಲ್ಲಿ ಮಾತಾಗುತ್ತದೆ. ಕಳೆದ ಮೇ ತಿಂಗಳಲ್ಲಿ ನಮ್ಮ ಮಾವನವರಿಗೆ ಲಕ್ವಾ ಹೊಡೆದು ಏಳು ದಿನ ದವಾಖಾನೆಯಲ್ಲಿದ್ದರು. ಮೊದಲ ರಾತ್ರಿಯೇ 'ಮಾವನವರಿಗೆ ಲಕ್ವಾ ಆಗಿದೆ, ದವಾಖಾನೆಯಲ್ಲಿದ್ದೇವೆ' ಎಂದು ಬರೆದೆ. ಹತ್ತೂ ಜನ ಕೈಮುಗಿದ ಚಿತ್ರ ಹಾಕಿದರು. ಇಪ್ಪತ್ತು ನಿಮಿಷದೊಳಗೆ ಒಬ್ಬಳು ತಾನು ಹಾಕಿದ ಮಾವಿನಕಾಯಿ ಉಪ್ಪಿನಕಾಯಿಯ ಫೋಟೊ ಕಳಿಸಿದಳು. ಇದೇ ಊರಿನಲ್ಲಿ ಬ್ರಹ್ಮಪುರದಲ್ಲಿ ಒಬ್ಬಳು, ಸೇಡಂ ರಸ್ತೆಯಲ್ಲಿ ಒಬ್ಬಳು ಇದ್ದಾರೆ. ಅವರೂ ಫೋನ್ ಮಾಡಲಿಲ್ಲ, ಬರಲೂ ಇಲ್ಲ. ಅಂದಿನಿಂದ ನಾನು ಏನನ್ನೂ ಬರೆದಿಲ್ಲ, ಯಾಕೆಂದು ಯಾರೂ ಕೇಳಿಲ್ಲ. ಗ್ರೂಪ್ ಬಿಟ್ಟುಬಿಡಲೇ?
(ಹೆಸರು ಬೇಡ, ಕಲಬುರಗಿ)

ಉತ್ತರ: ನಮ್ಮ ಕಡೆ ಯಾರಾದರೂ ದವಾಖಾನೆ ಸೇರಿದರೆ ಯಾರೂ ಹೇಳಿಕಳಿಸದಿದ್ದರೂ ಬುತ್ತಿ ಕಟ್ಟಿಕೊಂಡು ಹೋಗಿ, ವಾರ್ಡಿನ ಹೊರಗೆ ಚಾಪೆ ಹಾಸಿ ಕುಳಿತ ಮನೆಯವರಿಗೆ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟು, ಹತ್ತು ನಿಮಿಷ 'ಮಾತಾಡಿಸಿಕೊಂಡು' ಬರುವ ರೂಢಿ ಇನ್ನೂ ಉಳಿದಿದೆ. ಆ ರೂಢಿಯಲ್ಲಿ ಬೆಳೆದವರಿಗೆ ಪರದೆಯ ಮೇಲಿನ ಕೈಮುಗಿತ ಬರಿಗೈಯಂತೆ ಕಾಣುವುದು ಸಹಜವೇ ಆಗಿದೆ. ಆದರೂ ಆ ಹತ್ತು ಜನ ಕಲ್ಲುಮನಸ್ಸಿನವರೆಂದು ತೀರ್ಮಾನಿಸುವ ಮುನ್ನ ಒಂದು ಹಳೆಯ ಪ್ರಯೋಗವನ್ನು ಕೇಳಿರಿ.

1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ನ್ಯೂಯಾರ್ಕಿನ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಒಬ್ಬೊಬ್ಬರನ್ನೂ ಪ್ರತ್ಯೇಕ ಕೋಣೆಯಲ್ಲಿ ಕೂರಿಸಿ, ಮೈಕು ಮತ್ತು ಹೆಡ್‌ಫೋನಿನ ಮೂಲಕ ಕಾಲೇಜು ಜೀವನದ ಕಷ್ಟಸುಖಗಳನ್ನು ಸರದಿಯಂತೆ ಹಂಚಿಕೊಳ್ಳಲು ಹೇಳಲಾಯಿತು. ಮುಖ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ನಡುವೆ ಒಂದು ದನಿ ತೊದಲತೊಡಗಿ, ಮೂರ್ಛೆರೋಗ ಬಂದವನಂತೆ ಸಹಾಯಕ್ಕೆ ಕೂಗುತ್ತದೆ. ಅದು ಮೊದಲೇ ಮುದ್ರಿಸಿಟ್ಟ ಟೇಪು. ಆ ದನಿಯನ್ನು ಕೇಳುತ್ತಿರುವವನು ತಾನೊಬ್ಬನೇ ಎಂದು ನಂಬಿದವರಲ್ಲಿ ಶೇ 85ರಷ್ಟು ಮಂದಿ ಆ ಕೂಗು ಮುಗಿಯುವುದರೊಳಗೆ ಎದ್ದು ಹೋಗಿ ತಿಳಿಸಿದರು. ತನ್ನಂತೆ ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದು ನಂಬಿದವರಲ್ಲಿ ಹಾಗೆ ಎದ್ದವರು ಶೇ 31 ಮಾತ್ರ. ಏಳದೇ ಕುಳಿತವರೂ ನಿರ್ಲಿಪ್ತರಾಗಿರಲಿಲ್ಲ. ಅವರಲ್ಲಿ ಹಲವರ ಕೈ ನಡುಗುತ್ತಿತ್ತು, ಅಂಗೈ ಬೆವತಿತ್ತು.

ನಿಮ್ಮ ಗ್ರೂಪಿನಲ್ಲಿ ಆದದ್ದೂ ಬಹುಶಃ ಇಂಥದ್ದೇ. ಪುಣೆ, ಹೈದರಾಬಾದಿನಲ್ಲಿರುವವರು 'ಊರಲ್ಲಿ ಇಬ್ಬರಿದ್ದಾರಲ್ಲ' ಎಂದುಕೊಂಡಿರುತ್ತಾರೆ, ಸೇಡಂ ರಸ್ತೆಯವರು ಬ್ರಹ್ಮಪುರದವರು ಹೋಗಿರುತ್ತಾರೆ ಎಂದುಕೊಂಡಿರುತ್ತಾರೆ, ಬ್ರಹ್ಮಪುರದವರು ಸೇಡಂ ರಸ್ತೆಯವರ ಮೇಲೆ ಹಾಕಿರುತ್ತಾರೆ. ಇದಕ್ಕೆ ಕೈಮುಗಿತವೂ ಒತ್ತಾಸೆಯಾಗುತ್ತದೆ, ಏಕೆಂದರೆ ಅದನ್ನು ಒತ್ತಿದ ಕ್ಷಣದಲ್ಲಿ ಹೋಗಿಬಂದಷ್ಟೇ ಸಮಾಧಾನ ಒತ್ತಿದವರಿಗೆ ಸಿಕ್ಕಿಬಿಡುತ್ತದೆ. ಆದರೆ ಈ ವಿವರಣೆ ಆ ಇಬ್ಬರಿಗೆ ಕ್ಷಮಾಪತ್ರವಲ್ಲ. ಏಳು ದಿನ ಎಂದರೆ ಏಳು ಸಂಜೆ. ಆಟೊ ಹಿಡಿದರೆ ಸಾಕಾಗಿತ್ತು. ತಪ್ಪು ಅವರದೇ ಎಂದು ನಾನು ಹೇಳುತ್ತೇನೆ.

ಇನ್ನು ನೀವು ಬರೆದ ಸಾಲನ್ನು ಮತ್ತೊಮ್ಮೆ ಓದಿಕೊಳ್ಳಿರಿ. ಅದರಲ್ಲಿ ಸುದ್ದಿ ಇದೆ, ಕೇಳಿಕೆ ಇಲ್ಲ. ಓಣಿಯಲ್ಲಾದರೆ ಸುದ್ದಿಯೊಂದೇ ಸಾಕು, ಏಕೆಂದರೆ ನಿಮ್ಮ ಮುಖ, ಬಾಗಿಲಿಗೆ ಹಾಕಿದ ಬೀಗ, ಅಂಗಳದಲ್ಲಿ ಒಣಗಿದ ತುಳಸಿ ಉಳಿದದ್ದನ್ನು ಹೇಳುತ್ತವೆ. ಫೋನಿಗೆ ಆ ಅಂಗಳವಿಲ್ಲ. ಮುಂದೆ ಇಂಥ ಸಂದರ್ಭ ಬಂದರೆ ಹತ್ತು ಜನರಿಗೆ ಒಂದು ಸುದ್ದಿ ಹೇಳುವುದರ ಜೊತೆಗೆ, ಒಬ್ಬರ ಹೆಸರು ಹಿಡಿದು ಒಂದು ಕೆಲಸ ಹೇಳಿರಿ: 'ನಾಳೆ ಮಧ್ಯಾಹ್ನ ಎರಡು ತಾಸು ಮಾವನವರ ಹತ್ತಿರ ಕೂಡುತ್ತೀಯೇನು? ನಾನು ಮನೆಗೆ ಹೋಗಿ ಸ್ನಾನ ಮಾಡಿ ಬರುತ್ತೇನೆ.' ಹೀಗೆ ಕೇಳಿದ ಮೇಲೆ ಅದನ್ನು ಇನ್ನೊಬ್ಬರ ಮೇಲೆ ಹಾಕಲು ಯಾರಿಗೂ ಸಾಧ್ಯವಾಗುವುದಿಲ್ಲ. ಕೇಳುವುದು ನಾಚಿಕೆಯ ಮಾತೆಂದು ನಿಮಗೆ ಅನ್ನಿಸಬಹುದು. ಹಾಸ್ಟೆಲಿನಲ್ಲಿ ಒಬ್ಬರ ಡಬ್ಬಿಯ ಹಿಂಡಿಯನ್ನು ಇನ್ನೊಬ್ಬರು ಕೇಳದೇ ತಿಂದವರ ನಡುವೆ ಆ ನಾಚಿಕೆ ಯಾವಾಗ ಬಂತು?

ಉಪ್ಪಿನಕಾಯಿಯ ಫೋಟೊ ಹೊತ್ತಲ್ಲದ ಹೊತ್ತಿನಲ್ಲಿ ಬಂತು, ನಿಜ. ಆದರೆ ಐದು ವರ್ಷ ನಿಮ್ಮನ್ನು ಕೂಡಿಸಿಟ್ಟದ್ದು ಇಂಥ ಫೋಟೊಗಳೇ. ಎಳ್ಳಮಾವಾಸ್ಯೆಯ ದಿನ ಹೊಲ ಇದ್ದವರು ಹೊಲ ಇಲ್ಲದ ಗೆಳೆಯರನ್ನೂ ಕರೆದುಕೊಂಡು ಹೋಗಿ, ಚರಗ ಚೆಲ್ಲಿ, ಭಜ್ಜಿ ಮತ್ತು ಸಜ್ಜೆ ರೊಟ್ಟಿಯ ಪಂಕ್ತಿಯಲ್ಲಿ ಕೂರಿಸಿಕೊಳ್ಳುತ್ತಾರಲ್ಲ, ಅಲ್ಲಿ ದೊಡ್ಡ ಮಾತು ಯಾರೂ ಆಡುವುದಿಲ್ಲ. ಭಜ್ಜಿಗೆ ಹುಳಿ ಜಾಸ್ತಿಯಾಯಿತೆಂಬುದೇ ಅರ್ಧ ದಿನದ ಮಾತು. ಆದರೆ ಹಾಗೆ ಕೂತವರ ಮನೆಯ ಕದವನ್ನು ಅಪರಾತ್ರಿಯಲ್ಲಿ ಬಡಿಯಲು ಯಾರೂ ಹಿಂಜರಿಯುವುದಿಲ್ಲ.

ಆದ್ದರಿಂದ ಸದ್ಯಕ್ಕೆ ಗ್ರೂಪ್ ಬಿಡಬೇಡಿರಿ. ಬೇಸರ ಆರುವವರೆಗೆ ಅದರ ಸದ್ದನ್ನು ಮ್ಯೂಟ್ ಮಾಡಿಡಬಹುದು. ಎಂಟು ತಾಸು, ಒಂದು ವಾರ, ಯಾವಾಗಲೂ ಎಂಬ ಮೂರು ಆಯ್ಕೆಗಳಿವೆ. 2022ರಿಂದ ಸದ್ದಿಲ್ಲದೆ ಹೊರಬರುವ ಅನುಕೂಲವನ್ನೂ ವಾಟ್ಸ್‌ಆ್ಯಪ್ ಕೊಟ್ಟಿದೆ, ಸೂಚನೆ ಅಡ್ಮಿನ್‌ಗೆ ಮಾತ್ರ ಹೋಗುತ್ತದೆ. ಆದರೆ ಹಿಂದಿನ ಸದಸ್ಯರ ಪಟ್ಟಿಯಲ್ಲಿ 60 ದಿನ ಹೆಸರು ಕಾಣುತ್ತಿರುತ್ತದೆ ಎಂಬುದು ತಿಳಿದಿರಲಿ. ಅದಕ್ಕಿಂತ ಮೊದಲು ಬ್ರಹ್ಮಪುರದ ಗೆಳತಿಗೆ ಫೋನ್ ಮಾಡಿ, 'ಆ ವಾರ ನೀನು ಬರಲಿಲ್ಲವಲ್ಲ, ಮನಸ್ಸಿಗೆ ಹತ್ತಿತು' ಎಂದು ಒಂದೇ ವಾಕ್ಯ ಹೇಳಿರಿ. ಅದನ್ನು ಗ್ರೂಪಿನಲ್ಲಿ ಮಾತ್ರ ಬರೆಯಬೇಡಿರಿ, ಮತ್ತೆ ಹತ್ತು ಕೈಮುಗಿತ ಬರುತ್ತವೆ.

ಪ್ರಶ್ನೆ: ನಾವು ನಾಲ್ವರು ಶಾಲೆಯ ಗೆಳೆಯರು. ಒಬ್ಬ ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದಾನೆ. ಮೊದಲು ದಿನಾ ಹರಟುತ್ತಿದ್ದವನು ಈಗ ರಾತ್ರಿ ಒಂದು ಗಂಟೆಗೆ 'ನಾನಿಲ್ಲದಿದ್ದರೆ ಎಲ್ಲರಿಗೂ ಹಗುರ' ಎಂಬಂಥ ಸಾಲು ಹಾಕಿ, ಬೆಳಿಗ್ಗೆ ಅಳಿಸಿಬಿಡುತ್ತಾನೆ. ತಮಾಷೆ ಎಂದು ಬಿಡಬೇಕೇ? ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುವುದಿಲ್ಲವೇ?
(ಯಾದಗಿರಿ ಜಿಲ್ಲೆಯ ಓದುಗ)

ಉತ್ತರ: ಬಿಡಬಾರದು. ಪತ್ರಿಕೆ ಕೈಗೆ ಬಂದ ಹೊತ್ತಿನಲ್ಲೇ ನೀವೇ ಫೋನ್ ಮಾಡಿರಿ. 'ಯಾರಾದರೂ ಅವನೊಡನೆ ಮಾತಾಡಿ' ಎಂದು ಉಳಿದಿಬ್ಬರಿಗೆ ಬರೆದು ಕೂರಬೇಡಿರಿ. ಕೇಳುವುದರಿಂದ ಆತ್ಮಹತ್ಯೆಯ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತ ಬಂದಿದೆ. ಕೇಳಿದಾಗ ಅವನಿಗೆ ಅದನ್ನು ಹೊರಹಾಕಲು ಒಂದು ಕಿಂಡಿ ಸಿಗುತ್ತದೆ. 'ಸಾಯಬೇಕು ಅಂತ ಅನ್ನಿಸುತ್ತಿದೆಯೇನೋ?' ಎಂದು ನಿಮ್ಮ ಎಂದಿನ ಮಾತಿನಲ್ಲೇ ಕೇಳಿರಿ, ಬುದ್ಧಿ ಹೇಳದೆ ಪೂರ್ತಿ ಕೇಳಿಸಿಕೊಳ್ಳಿರಿ. ಸಾಲವೋ, ಮೇಸ್ತ್ರಿ ಉಳಿಸಿಕೊಂಡ ಕೂಲಿಯೋ, ಕುಡಿತವೋ, ಒಂಟಿತನವೋ, ಕಾರಣ ಆಮೇಲೆ ತಿಳಿಯುತ್ತದೆ.

ಹೌದು ಎಂದರೆ ಅವನನ್ನು ಒಬ್ಬನನ್ನೇ ಬಿಡುವಂತಿಲ್ಲ. ಅವನ ಜೊತೆ ಕೋಣೆಯಲ್ಲಿರುವವರ ನಂಬರ್ ನಿಮ್ಮ ಬಳಿ ಇರಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವನು ಕರೆ ಮಾಡಲು ಒಲ್ಲೆನೆಂದರೆ ನೀವೇ ಮಾಡಿ ಏನು ಮಾಡಬೇಕೆಂದು ಕೇಳಬಹುದು. ಅಪಾಯ ಆ ಗಳಿಗೆಯಲ್ಲೇ ಇದೆ ಎನ್ನಿಸಿದರೆ 112ಕ್ಕೆ ಕರೆ ಮಾಡಿರಿ. 'ಯಾರಿಗೂ ಹೇಳಬೇಡ' ಎಂದು ಅವನು ಆಣೆ ಹಾಕಿದರೆ ಆ ಆಣೆಗೆ ಒಪ್ಪಬೇಡಿರಿ. ಅವನ ಅಣ್ಣನಿಗೋ ತಾಯಿಗೋ ತಿಳಿಸುವುದು ದ್ರೋಹವಲ್ಲ. ಅಳಿಸಿದ ಸಾಲುಗಳ ಸ್ಕ್ರೀನ್‌ಶಾಟ್ ಮಾತ್ರ ಊರಿನ ಬೇರೆ ಗ್ರೂಪಿಗೆ ಹೋಗದಿರಲಿ.

ಪ್ರಶ್ನೆ: ಮಗಳಿಗೆ ವೈದ್ಯಕೀಯ ಸೀಟು ಸಿಕ್ಕಿದೆ. ನಮ್ಮ ಗೆಳೆಯರ ಬಳಗದಲ್ಲಿ ಎಲ್ಲರಿಗೂ ತಿಳಿಸುವ ಆಸೆ ಇದೆ, ಆದರೆ ಅದೇ ಪರೀಕ್ಷೆ ಬರೆದ ಒಬ್ಬ ಗೆಳೆಯರ ಮಗನಿಗೆ ಸಿಕ್ಕಿಲ್ಲ. ಸುಮ್ಮನಿರುವುದೇ ಮೇಲೇ?
(ನಿವೃತ್ತ ಶಿಕ್ಷಕ, ಬೀದರ್)

ಉತ್ತರ: ಸುಮ್ಮನಿದ್ದರೆ ಆ ಗೆಳೆಯರಿಗೆ ಸುದ್ದಿ ಬೇರೆಯವರಿಂದ ತಿಳಿಯುತ್ತದೆ, ಆಗ 'ನಮಗೆ ಹೊಟ್ಟೆಕಿಚ್ಚು ಎಂದುಕೊಂಡರೇ?' ಎಂಬ ಎರಡನೆಯ ನೋವೂ ಸೇರುತ್ತದೆ. ಸಿಹಿಸುದ್ದಿ ಹಂಚಿಕೊಂಡಾಗ ಎದುರಿನವರು ಉತ್ಸಾಹದಿಂದ ಎರಡು ಮಾತು ಕೇಳಿದರೆ ಸಂಬಂಧ ಗಟ್ಟಿಯಿರುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಶೆಲ್ಲಿ ಗೇಬಲ್ ಮತ್ತು ಜೊತೆಗಾರರು 2004ರ ಅಧ್ಯಯನದಲ್ಲಿ ತೋರಿಸಿದ್ದರು. ಅವರು ನೋಡಿದ್ದು ಪ್ರೇಮಿಗಳನ್ನೂ ದಂಪತಿಗಳನ್ನೂ. ಗೆಳೆಯರಲ್ಲೂ ಹಾಗೆಯೇ ಎಂಬುದು ನನ್ನ ಅನುಭವ. ಆದ್ದರಿಂದ ತಿಳಿಸಿರಿ, ರ‍್ಯಾಂಕಿನ ಸಂಖ್ಯೆ ಬೇಡ. ಬಳಗಕ್ಕೆ ತಿಳಿಸುವ ಹಿಂದಿನ ದಿನ ಆ ಗೆಳೆಯರಿಗೆ ಒಬ್ಬರಿಗೇ ಹೇಳಿರಿ. ಬೀದರಿನಲ್ಲೇ ಇದ್ದಾರಾದರೆ ಫೋನಿಗಿಂತ ಸಂಜೆ ಅವರ ಮನೆಗೆ ಹೋಗಿ ಚಹಾ ಕುಡಿದು, ಅವರ ಮಗ ಮುಂದೆ ಏನು ಮಾಡಬೇಕೆಂದಿದ್ದಾನೆ ಎಂಬುದನ್ನು ಮೊದಲು ಕೇಳಿ, ಆಮೇಲೆ ನಿಮ್ಮ ಮಾತು ಹೇಳಿ ಬರುವುದು ಉತ್ತಮ. ಪೇಡೆಯ ಡಬ್ಬಿಯನ್ನು ಆ ಸಂಜೆ ಒಯ್ಯಬೇಡಿರಿ.