ಸಾಲಗಾಮೆ ರಸ್ತೆಯ ಡಿಷ್, ಚಂದ್ರನ ಮಣ್ಣು, ಮಂಗಳನ ಗಾಳಿ

ಈ ಸಲ ಹಾಸನ, ಚಿಕ್ಕಮಗಳೂರು ಕಡೆಯ ಪತ್ರಗಳನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಸುತ್ತಿ ಬಳಸಿ ಎಲ್ಲರೂ ಕೇಳಿರೋದು ಒಂದೇ: ಅಷ್ಟು ದೂರದ ಜಾಗದ ವಿಷಯ ಇಲ್ಲಿ ಕೂತವರಿಗೆ ಹೇಗೆ ಗೊತ್ತಾಗುತ್ತೆ?

ಪ್ರ: ನಮ್ಮ ಊರಿನ ಎಂಸಿಎಫ್ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ಡಿಷ್‌ಗಳು ಚಂದ್ರಯಾನದ ಜೊತೆ ಮಾತಾಡುತ್ತವಾ ಸರ್? ಇಲ್ಲಿ ಎಲ್ಲರೂ ಹೌದು ಅಂತಾರೆ.
(ಕಾಲೇಜು ವಿದ್ಯಾರ್ಥಿ, ಹಾಸನ)

ಇಲ್ಲ. ಚಂದ್ರಯಾನಕ್ಕೆ ಆದೇಶ ಹೋಗೋದು ಬೆಂಗಳೂರಿನ ಪೀಣ್ಯದಲ್ಲಿರೋ ಇಸ್ಟ್ರಾಕ್ ಅನ್ನೋ ಇಸ್ರೋದ ಸಂಪರ್ಕ ಕೇಂದ್ರದಿಂದ. ಅಷ್ಟು ದೂರದ ಸಿಗ್ನಲ್ ಹಿಡಿಯೋದಕ್ಕೆ ಬೆಂಗಳೂರಿನ ಹತ್ತಿರ ಬ್ಯಾಲಾಳಿನಲ್ಲಿ 32 ಮೀಟರ್ ಅಗಲದ ಡಿಷ್ ಇದೆ. ಸಾಲಗಾಮೆ ರಸ್ತೆಯ ಎಂಸಿಎಫ್‌ನ ಕೆಲಸ ಬೇರೆ. ಸುಮಾರು 36,000 ಕಿ.ಮೀ. ಎತ್ತರದಲ್ಲಿ ನಿಂತ ಹಾಗೆ ಕಾಣೋ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ಅವುಗಳ ಜಾಗ ತಲುಪಿಸೋದು, ಆಮೇಲೆ ವರ್ಷಗಟ್ಟಲೆ ಅಲ್ಲೇ ಕದಲದ ಹಾಗೆ ನೋಡಿಕೊಳ್ಳೋದು. ಚಂದ್ರ ಅದರ ಹತ್ತು ಪಟ್ಟು ದೂರ.

ಹಾಗಂತ ಬೇಜಾರು ಬೇಡ. ಟಿವಿಯ ಹವಾಮಾನ ಸುದ್ದಿಯಲ್ಲಿ ತೋರಿಸೋ ಮೋಡದ ಚಿತ್ರ ಇನ್ಸಾಟ್‌ಗಳದು. ಅವುಗಳಲ್ಲಿ ಕೆಲವಕ್ಕೆ ಸೌಂಡರ್ ಅನ್ನೋ ಉಪಕರಣ ಇದೆ. ನಮ್ಮ ಗಾಳಿಯಿಂದ ಹೊರಬರೋ ಶಾಖದ ಕಿರಣಗಳನ್ನು ನೋಡಿ, ಯಾವ ಎತ್ತರದಲ್ಲಿ ಎಷ್ಟು ಬಿಸಿ, ಎಷ್ಟು ತೇವ ಅಂತ ಅದು ಲೆಕ್ಕ ಕೊಡುತ್ತೆ. ಮಂಗಳ, ಶುಕ್ರ, ಶನಿಯ ಹತ್ತಿರ ಹೋದ ನೌಕೆಗಳೂ ಇದೇ ಉಪಾಯ ಬಳಸಿವೆ. ಭೂಮಿಯೂ ಒಂದು ಗ್ರಹವೇ ಅಲ್ವಾ!

ಪ್ರ: ಇಳಿಯದೆ, ಗಾಳಿಯನ್ನು ಮುಟ್ಟದೆ ಒಂದು ಗ್ರಹದ ವಾತಾವರಣ ಎಷ್ಟು ದಟ್ಟ ಅಂತ ಹೇಗೆ ಅಳೆಯುತ್ತಾರೆ? ಮಕ್ಕಳು ಕೇಳಿದರು. ಫೋಟೋ ನೋಡಿ ಹೇಳ್ತಾರೆ ಅಂದೆ, ಅವರು ಒಪ್ಪಲಿಲ್ಲ.
(ಹೈಸ್ಕೂಲ್ ಶಿಕ್ಷಕಿ, ಚಿಕ್ಕಮಗಳೂರು)

ಒಳ್ಳೆ ಮಕ್ಕಳು ಮೇಡಂ. ಫೋಟೋದಲ್ಲಿ ಮೋಡ ಕಾಣುತ್ತೆ, ಧೂಳು ಕಾಣುತ್ತೆ, ಒತ್ತಡ ಕಾಣಲ್ಲ. ಪತ್ರಿಕೆಯವರಿಗೆ (ನಾವೂ ಸೇರಿ) ಫೋಟೋ ಬೇಕು, ಅದಕ್ಕೇ ಬಾಹ್ಯಾಕಾಶ ಅಂದ್ರೆ ಬರೀ ಫೋಟೋ ಅನ್ನಿಸಿಬಿಟ್ಟಿದೆ. ನನ್ನ ಪ್ರಕಾರ ದೊಡ್ಡ ಸುದ್ದಿಗಳಲ್ಲಿ ಎಷ್ಟೋ ಬಂದಿರೋದು ರೇಡಿಯೋ ಸಿಗ್ನಲ್‌ನಲ್ಲಿ ಆದ ಸಣ್ಣ ವ್ಯತ್ಯಾಸದಿಂದ.

ಮಕ್ಕಳನ್ನು ಒಂದು ಸಂಜೆ ಮುಳ್ಳಯ್ಯನಗಿರಿಗೆ ಕರೆದುಕೊಂಡು ಹೋಗಿ. ಸೂರ್ಯನ ಕೆಳಗಿನ ಅಂಚು ದಿಗಂತ ಮುಟ್ಟಿದಂತೆ ಕಾಣೋ ಹೊತ್ತಿಗೆ ಲೆಕ್ಕದ ಪ್ರಕಾರ ಅವನು ಆಗಲೇ ಪೂರ್ತಿ ಮುಳುಗಿರುತ್ತಾನೆ. ನಮ್ಮ ಗಾಳಿ ಅವನ ಬೆಳಕನ್ನು ಬಗ್ಗಿಸಿ ಮೇಲೆತ್ತಿ ತೋರಿಸುತ್ತಿರುತ್ತೆ. ಗಾಳಿ ದಟ್ಟ ಇದ್ದಷ್ಟೂ ಬಾಗು ಜಾಸ್ತಿ.

ಈಗ ಸೂರ್ಯನ ಜಾಗದಲ್ಲಿ ಒಂದು ನೌಕೆ ಇಡಿ. ಅದು ಗ್ರಹದ ಹಿಂದೆ ಮರೆಯಾಗೋಕೆ ಹೊರಟಿದೆ, ನಮ್ಮ ಕಡೆಗೆ ರೇಡಿಯೋ ಅಲೆ ಕಳಿಸುತ್ತಲೇ ಇದೆ. ಗಾಳಿ ಇಲ್ಲದ ಚಂದ್ರನ ಹಿಂದೆ ಹೋದರೆ ಸಿಗ್ನಲ್ ಟಪ್ ಅಂತ ನಿಲ್ಲುತ್ತೆ. ಗಾಳಿ ಇದ್ದರೆ ಹಾಗಾಗಲ್ಲ: ಸಿಗ್ನಲ್ ಆ ಗಾಳಿಯ ಪದರಗಳ ಮೂಲಕ ಹಾದು, ಬಾಗಿ, ಅದರ ಆವರ್ತನ ಚೂರೇ ಚೂರು ಬದಲಾಗಿ, ಕ್ಷೀಣವಾಗುತ್ತಾ ಹೋಗಿ ಆಮೇಲೆ ನಿಲ್ಲುತ್ತೆ. ಆ ಚೂರು ಬದಲಾವಣೆಯನ್ನು ಸೆಕೆಂಡು ಸೆಕೆಂಡಿಗೂ ಬರೆದಿಟ್ಟುಕೊಂಡರೆ ಯಾವ ಎತ್ತರದಲ್ಲಿ ಎಷ್ಟು ಒತ್ತಡ, ಎಷ್ಟು ಉಷ್ಣತೆ ಅಂತ ಲೆಕ್ಕ ಹಾಕಬಹುದು. ಗ್ರಹದ ಹತ್ತಿರ ಇರಬೇಕಾದ್ದು ಒಂದು ಟ್ರಾನ್ಸ್‌ಮಿಟರ್ ಮಾತ್ರ. ಅಳತೆ ನಡೆಯೋದು ಭೂಮಿಯಲ್ಲಿ.

1965ರ ಜುಲೈನಲ್ಲಿ ನಾಸಾದ ಮ್ಯಾರಿನರ್ 4 ನೌಕೆ ಮಂಗಳದ ಹಿಂದೆ ಹಾದು ಹೋದಾಗ ಹೀಗೇ ಮಾಡಿದರು. 1950ರ ದಶಕದಲ್ಲಿ ಮಂಗಳದ ಒತ್ತಡ ಸುಮಾರು 85 ಮಿಲಿಬಾರ್ ಇರಬಹುದು ಅಂತ ಅಂದಾಜಿತ್ತು. ಅದನ್ನು ನಂಬಿ ರಾಕೆಟ್ ತಜ್ಞ ವರ್ನರ್ ವಾನ್ ಬ್ರೌನ್ ಅಲ್ಲಿಗೆ ರೆಕ್ಕೆ ಇರೋ ವಿಮಾನದಂಥ ನೌಕೆಗಳ ನಕ್ಷೆ ಹಾಕಿದ್ದರು. ಮ್ಯಾರಿನರ್ 4 ಕೊಟ್ಟ ಉತ್ತರ 4ರಿಂದ 7 ಮಿಲಿಬಾರ್. ರೆಕ್ಕೆಯ ಕನಸು ಅಲ್ಲಿಗೇ ಮುಗೀತು. ನೀವು ಮುಳ್ಳಯ್ಯನಗಿರಿಯ ತುದಿಯಲ್ಲಿ ನಿಂತರೆ ಒತ್ತಡ ಸುಮಾರು 800 ಮಿಲಿಬಾರ್ ಇರುತ್ತೆ. ಮಂಗಳದ ಒತ್ತಡ ಬೇಕು ಅಂದ್ರೆ ಭೂಮಿಯಿಂದ 30 ಕಿ.ಮೀ.ಗೂ ಮೇಲೆ ಹೋಗಬೇಕು. ಅದಕ್ಕೇ ಅಲ್ಲಿ ಬರೀ ಪ್ಯಾರಾಚೂಟ್ ನಂಬಿ ಭಾರದ ನೌಕೆ ಇಳಿಸೋಕೆ ಆಗಲ್ಲ, ಕೊನೆಯಲ್ಲಿ ರಾಕೆಟ್ ಉರಿಸಲೇಬೇಕು, ಇಲ್ಲ ಗಾಳಿಚೀಲ ಕಟ್ಟಬೇಕು. 2021ರಲ್ಲಿ ಅಲ್ಲಿ ಹಾರಿದ ಇಂಜೆನ್ಯೂಯಿಟಿ ಹೆಲಿಕಾಪ್ಟರ್ ತೂಗೋದು 1.8 ಕೆ.ಜಿ. ಅಷ್ಟನ್ನು ಎತ್ತೋಕೆ ಅದರ ರೆಕ್ಕೆಗಳು ನಿಮಿಷಕ್ಕೆ 2,400 ಸುತ್ತಿನ ಆಸುಪಾಸಿನಲ್ಲಿ ತಿರುಗಬೇಕಿತ್ತು.

ಇದರಲ್ಲಿ ನಮ್ಮವರ ಪಾಲೂ ಇದೆ. ಜಪಾನಿನ ಅಕಾಟ್ಸುಕಿ ನೌಕೆ ಶುಕ್ರನ ಹಿಂದೆ ಮರೆಯಾಗುವಾಗ ಅದರ ಸಿಗ್ನಲ್ ಹಿಡಿದ ಡಿಷ್‌ಗಳಲ್ಲಿ ಬ್ಯಾಲಾಳಿನದೂ ಒಂದು.

ಯಾವ ಅನಿಲ ಇದೆ ಅನ್ನೋದಕ್ಕೆ ಬೇರೆ ದಾರಿ. ಒಂದೊಂದು ಅನಿಲ ಬೆಳಕಿನಲ್ಲಿ ತನ್ನದೇ ಆದ ಬಣ್ಣಗಳನ್ನು ಹೀರಿಕೊಳ್ಳುತ್ತೆ, ಯಾವುದು ಕಾಣೆಯಾಗಿದೆ ಅಂತ ನೋಡಿದರೆ ಕಳ್ಳ ಯಾರು ಅಂತ ಗೊತ್ತಾಗುತ್ತೆ.

ಪ್ರ: ನಮ್ಮ ಕಾಫಿ ತೋಟದ ಮಣ್ಣು ಪರೀಕ್ಷೆಗೆ ಕೊಟ್ಟರೆ ವರದಿ ಬರೋಕೆ ವಾರಗಟ್ಟಲೆ ಕಾಯಬೇಕು. ಪ್ರಗ್ಯಾನ್ ರೋವರ್ ಹೇಗೆ ನಿಂತಲ್ಲೇ ಚಂದ್ರನ ಮಣ್ಣಲ್ಲಿ ಗಂಧಕ ಇದೆ ಅಂತ ಹೇಳಿಬಿಡ್ತು?
(ಬೆಳೆಗಾರರು, ಸಕಲೇಶಪುರ)

ನಿಮ್ಮ ವರದಿ ಯಾಕೆ ತಡ ಅಂತ ನಾನು ಹೇಳೋಕೆ ಹೋಗಲ್ಲ! ಪ್ರಗ್ಯಾನ್ ಬಳಿ ಎರಡು ಉಪಕರಣ ಇದ್ದವು. ಒಂದು ಲೇಸರ್ ಹೊಡೆದು ಮಣ್ಣಿನ ಕಣಗಳನ್ನು ಕಿಡಿ ಮಾಡುತ್ತಿತ್ತು. ಆ ಕಿಡಿಯ ಬೆಳಕಿನಲ್ಲಿ ಒಂದೊಂದು ಧಾತುವಿನ ಗುರುತು ಇರುತ್ತೆ. ಇನ್ನೊಂದರಲ್ಲಿ ಕ್ಯೂರಿಯಂ ಅನ್ನೋ ವಿಕಿರಣ ವಸ್ತು ಇತ್ತು, ಅದರ ಕಿರಣ ತಾಗಿದ ಮಣ್ಣು ಎಕ್ಸ್‌ರೇ ಹೊರಬಿಡುತ್ತೆ, ಅದನ್ನು ಓದುತ್ತಾರೆ. ಸುಮಾರು 100 ಮೀಟರ್ ಓಡಾಟದಲ್ಲಿ 23 ಕಡೆ ಹೀಗೆ ಅಳೆದರು. ಸುತ್ತಲಿನ ಮಣ್ಣು ಹೆಚ್ಚುಕಡಿಮೆ ಒಂದೇ ಥರ ಇತ್ತು. ಒಂದು ಕಾಲದಲ್ಲಿ ಇಡೀ ಚಂದ್ರನ ಮೇಲ್ಭಾಗ ಕರಗಿದ ಕಲ್ಲಿನ ಸಮುದ್ರವಾಗಿತ್ತು ಅನ್ನೋ ಮಾತಿಗೆ ಇದು ಸರಿಹೊಂದುತ್ತೆ. ಆದರೆ ನಿಮಗೆ ಬೇಕಾದ ಹುಳಿ-ಸುಣ್ಣದ ಲೆಕ್ಕವನ್ನು ಈ ಯಂತ್ರಗಳು ಹೇಳಲ್ಲ. ಇವು ಎಣಿಸೋದು ಧಾತುಗಳನ್ನು ಮಾತ್ರ.

ಬೆಳೆಗಾರರಾದ ನಿಮಗೆ ಇದಕ್ಕಿಂತ ಇಷ್ಟವಾಗೋ ಸಂಗತಿ ಇನ್ನೊಂದಿದೆ. ವಿಕ್ರಮ್ ಲ್ಯಾಂಡರ್‌ನಲ್ಲಿ ಚಾಸ್ಟೆ ಅಂತ ಒಂದು ಸಲಾಕೆ ಇತ್ತು, ಅದರ ಉದ್ದಕ್ಕೂ ಹತ್ತು ಥರ್ಮಾಮೀಟರ್. ಅದನ್ನು ನೆಲಕ್ಕೆ ಚುಚ್ಚಿದರು. ಮೇಲ್ಮೈ ಕಾದಿತ್ತು, 8 ಸೆಂಟಿಮೀಟರ್ ಕೆಳಗೆ ಸೊನ್ನೆಗಿಂತ ಸುಮಾರು 10 ಡಿಗ್ರಿ ಕಡಿಮೆ. ಮಣ್ಣು ಅಷ್ಟು ಸಡಿಲ, ಮೇಲಿನ ಬಿಸಿ ಕೆಳಗೆ ಇಳಿಯೋದೇ ಇಲ್ಲ. ಆಮೇಲೆ ವಿಜ್ಞಾನಿಗಳು ಕೂತು ಲೆಕ್ಕ ಹಾಕಿದಾಗ ಸಲಾಕೆ ಇಳಿದ ಜಾಗದ ಮೇಲ್ಮೈ ಸುಮಾರು 82 ಡಿಗ್ರಿವರೆಗೆ ಕಾದಿದ್ದು ಗೊತ್ತಾಯಿತು. ಒಂದೇ ಮೀಟರ್ ಆಚೆಯ ಸಮತಟ್ಟು ಜಾಗದಲ್ಲಿ ಅದು ಸುಮಾರು 59. ಕಾರಣ, ಸಲಾಕೆ ಇಳಿದದ್ದು ಸೂರ್ಯನ ಕಡೆ 6 ಡಿಗ್ರಿ ಓರೆಯಾಗಿದ್ದ ಜಾಗದಲ್ಲಿ. ಪಡುವಣ ಬಿಸಿಲು ಬೀಳೋ ಇಳಿಜಾರಿನಲ್ಲಿ ನೆರಳಿಗೆ ಎಷ್ಟು ಒದ್ದಾಡಬೇಕು ಅಂತ ನಿಮಗೆ ಹೇಳಬೇಕಾ? ದಕ್ಷಿಣ ಧ್ರುವದ ಕಡೆ ಸೂರ್ಯನಿಗೆ ಬೆನ್ನು ಹಾಕಿದ ಇಳಿಜಾರಿನಲ್ಲಿ, ಹೆಚ್ಚು ಆಳವಿಲ್ಲದೆಯೇ ಮಂಜುಗಡ್ಡೆ ಉಳಿದಿರಬಹುದು ಅಂತ ಈಗ ಅವರು ಹೇಳ್ತಿರೋದು ಈ ಅಳತೆಯ ಆಧಾರದ ಮೇಲೆ.

ಪ್ರ: ಶುಕ್ರನ ಮೇಲೆ ಇಳಿದ ನೌಕೆಗಳು ಯಾಕೆ ಬೇಗ ಸಾಯುತ್ತವೆ?
(ಓದುಗರು, ಕಡೂರು)

ಬಿಸಿ 460 ಡಿಗ್ರಿಗೂ ಜಾಸ್ತಿ, ಸೀಸ ಕರಗಿಹೋಗುತ್ತೆ. ಒತ್ತಡ ಇಲ್ಲಿಗಿಂತ 90 ಪಟ್ಟು. ರಷ್ಯಾದವರ ವೆನೆರಾ 13 1982ರಲ್ಲಿ 127 ನಿಮಿಷ ಬದುಕಿತ್ತು, ಅದೇ ದೊಡ್ಡದು. ಅದರ ಜೊತೆಯ ವೆನೆರಾ 14ರ ಕಥೆ ಕೇಳಿ. ಇಳಿದ ಮೇಲೆ ಕ್ಯಾಮೆರಾದ ಮುಚ್ಚಳ ಕಳಚಿ ಬೀಳಬೇಕು, ಬಿತ್ತು. ಆಮೇಲೆ ಒಂದು ತೋಳು ಕೆಳಗಿಳಿದು ನೆಲದ ಗಟ್ಟಿತನ ಅಳೆಯಬೇಕು. ತೋಳು ಸರಿಯಾಗಿ ಹೋಗಿ ಕೂತಿದ್ದು ಆ ಮುಚ್ಚಳದ ಮೇಲೆ! ಕೋಟ್ಯಂತರ ಕಿ.ಮೀ. ಹೋಗಿ ತಮ್ಮದೇ ಮುಚ್ಚಳ ಒತ್ತಿ ನೋಡಿದ ಹಾಗಾಯಿತು. ಅದು ಕಳಿಸಿದ ಫೋಟೋದಲ್ಲೇ ಇದು ಕಾಣುತ್ತೆ.

ಮೇಲಿನಿಂದ ನೋಡೋಣ ಅಂದ್ರೆ ಮೋಡ ಬಿಡಲ್ಲ, ಹಾಗಾಗಿ ರಾಡಾರ್ ಬೇಕು. 1990ರ ದಶಕದಲ್ಲಿ ಮೆಜೆಲನ್ ನೌಕೆ ಶುಕ್ರನ ನೆಲದ ಶೇ. 98ರಷ್ಟು ನಕ್ಷೆ ಮಾಡಿದ್ದು ರಾಡಾರ್‌ನಿಂದಲೇ. 2024ರಲ್ಲಿ ಒಪ್ಪಿಗೆ ಸಿಕ್ಕ ನಮ್ಮ ಶುಕ್ರ ಯೋಜನೆಯೂ ಕಕ್ಷೆಯಲ್ಲೇ ಸುತ್ತೋದು.

ಪ್ರ: ಮಂಗಳನ ಫೋಟೋಗಳ ಬಣ್ಣ ನಿಜವಾ, ಸುಮ್ನೆ ಬಳಿದಿದ್ದಾ?
(ಫೋಟೋ ಸ್ಟುಡಿಯೋದವರು, ಬೇಲೂರು)

ಎರಡೂ ಇರುತ್ತೆ. ರೋವರ್ ಮೈಮೇಲೆ ಬಣ್ಣದ ಚೌಕಗಳಿರೋ ಒಂದು ಫಲಕ ಇರುತ್ತೆ. ಅದರ ಫೋಟೋ ತೆಗೆದು, ಗೊತ್ತಿರೋ ಬಣ್ಣಕ್ಕೆ ಹೋಲಿಸಿ ಉಳಿದದ್ದನ್ನು ಸರಿಪಡಿಸುತ್ತಾರೆ. ಕೆಂಪು, ಹಸಿರು, ನೀಲಿ ತುಂಬಿದ ಎತ್ತರ-ತಗ್ಗಿನ ನಕ್ಷೆಗಳ ಬಣ್ಣ ಮಾತ್ರ ಬರೀ ಗುರುತಿಗೆ.

ಪ್ರ: ಮಗಳು ಬಿಎಸ್ಸಿ ಓದುತ್ತಿದ್ದಾಳೆ. ಇಂಥ ಮಾಹಿತಿಯನ್ನು ಅವಳೇ ತೆಗೆದು ನೋಡಬಹುದಾ, ದುಡ್ಡು ಕಟ್ಟಬೇಕಾ?
(ತಾಯಿ, ಅರಸೀಕೆರೆ)

ನೋಡಬಹುದು ಅಮ್ಮ, ದುಡ್ಡು ಬೇಡ. ಇಸ್ರೋದ ಪ್ರದಾನ್ ಅನ್ನೋ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಂಡರೆ ಚಂದ್ರಯಾನದ ಮಾಹಿತಿ ಇಳಿಸಿಕೊಳ್ಳಬಹುದು. ಗುರುಗ್ರಹದ ಸುತ್ತ ಹೋದ ಜೂನೋ ನೌಕೆಯ ಕ್ಯಾಮೆರಾ ಚಿತ್ರಗಳನ್ನೂ ನಾಸಾ ಹಸಿಹಸಿಯಾಗೇ ಹೊರಗಿಡುತ್ತೆ, ಅದನ್ನು ತಿದ್ದಿ ಚಂದ ಮಾಡಿದವರಲ್ಲಿ ಹವ್ಯಾಸಿಗಳೇ ಜಾಸ್ತಿ. ಶುರುವಿಗೆ ಜೂನೋ ಚಿತ್ರಗಳೇ ಸಲೀಸು. ಚಂದ್ರಯಾನದ ಫೈಲ್‌ಗಳು ದೊಡ್ಡವು, ಮಾಮೂಲಿ ಫೋಟೋ ಆಪ್‌ನಲ್ಲಿ ತೆರೆಯಲ್ಲ. ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆ ಸ್ವಲ್ಪ ಕಲಿತಿದ್ದರೆ ಸಾಕು, ಒಂದು ಭಾನುವಾರ ಕೂತರೆ ದಾರಿ ಸಿಗುತ್ತೆ.